ಕಷ್ಟದ ಪಿಯಾನೊ ಕೃತಿಗೆ ಗೆಳೆಯರ ಪಂಥ: ಮಳೆಗಾಲದ ಹದಿಮೂರು ವಾರಗಳ ಕ್ರಮ

ಹಾಸನ, ಚಿಕ್ಕಮಗಳೂರು ಕಡೆ ಪಿಯಾನೊ ಕಲಿಯುವವರು ಹೆಚ್ಚಾಗಿ ಒಬ್ಬೊಬ್ಬರೇ ಕಲಿಯುತ್ತಾರೆ. ಪಾಠ ಹೇಳುವವರು ಫೋನಿನ ಪರದೆಯಲ್ಲಿ ಸಿಗುತ್ತಾರೆ. ಅದೇ ಕೃತಿ ಕಲಿಯುತ್ತಿರುವ ಇನ್ನೊಬ್ಬರು ಇದ್ದರೂ ಅವರ ಮನೆ ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ಇರುತ್ತದೆ. ಗ್ರೇಡ್ ಪರೀಕ್ಷೆಗಳು ಮುಗಿದ ಮೇಲೆ ಆಸೆಪಟ್ಟು ಒಂದು ದೊಡ್ಡ ಕೃತಿ ಕೈಗೆತ್ತಿಕೊಂಡು ಎರಡನೇ ಪುಟದಲ್ಲಿ ಬಿಟ್ಟವರು ಎಲ್ಲ ಊರಲ್ಲೂ ಇದ್ದಾರೆ. ಇಂಥವರು ಮೂರ್ನಾಲ್ಕು ಜನ ಸೇರಿ ಪಂಥ ಕಟ್ಟಿಕೊಂಡರೆ ಕೃತಿ ಮುಗಿಯುತ್ತದೆ. ಎಲ್ಲರಿಗೂ ಒಂದೇ ಕೃತಿ, ಒಂದೇ ಗಡುವು, ವಾರಕ್ಕೊಂದು ರೆಕಾರ್ಡಿಂಗ್, ಕೊನೆಗೆ ಒಂದು ಭಾನುವಾರ ಎಲ್ಲರೂ ಒಂದೇ ವಾದ್ಯದ ಮುಂದೆ.

ಪಂಥ ಕಟ್ಟುವಾಗ ಯಾವ ಕೃತಿ, ಯಾವಾಗ ಮುಗಿಸಬೇಕು ಎಂದು ಎಲ್ಲರೂ ಮಾತಾಡುತ್ತಾರೆ. ಗೆಲುವನ್ನು ಅಳೆಯುವುದು ಹೇಗೆ ಎಂದು ಯಾರೂ ಕೇಳುವುದಿಲ್ಲ. ನಮ್ಮ ಮಟ್ಟಿಗೆ ಅದೇ ಮುಖ್ಯ. ಅಳತೆ ಹೇಗಿದೆಯೋ ಅಭ್ಯಾಸವೂ ಹಾಗೇ ಆಗುತ್ತದೆ. "ಯಾರು ಮೊದಲು ಪೂರ್ತಿ ನುಡಿಸುತ್ತಾರೋ ಅವರು ಗೆದ್ದರು" ಎಂದರೆ ಮೊದಲ ವಾರದಿಂದಲೇ ಎಲ್ಲರೂ ಓಡಿಸಿ ನುಡಿಸುತ್ತಾರೆ, ತಪ್ಪುಗಳು ಬೆರಳಿಗೆ ಅಂಟಿಕೊಳ್ಳುತ್ತವೆ, ಮೂರನೇ ವಾರಕ್ಕೆ ಮುಂಗೈ ನೋವು ಶುರುವಾಗುತ್ತದೆ. "ತಾನೇ ಹೇಳಿದ ವೇಗದಲ್ಲಿ, ನಿಲ್ಲದೆ, ಒಂದೇ ಸಲಕ್ಕೆ ಯಾರು ನುಡಿಸುತ್ತಾರೋ ಅವರು ಗೆದ್ದರು" ಎಂದರೆ ಅದೇ ಜನ ನಿಧಾನವಾಗಿ, ಅಚ್ಚುಕಟ್ಟಾಗಿ ಕಲಿಯುತ್ತಾರೆ. ಮುಂದೆ ಹೇಳುವ ಎಲ್ಲ ನಿಯಮಗಳ ಹಿಂದೆ ಇರುವುದು ಇದೇ.

ಎಷ್ಟು ಜನ, ಯಾವಾಗ

ಮೂವರಿಂದ ಐವರು ಸರಿ. ಇಬ್ಬರೇ ಆದರೆ ಒಬ್ಬರಿಗೆ ಜ್ವರ ಬಂದ ವಾರ ಪಂಥ ನಿಂತುಹೋಗುತ್ತದೆ. ಐವರನ್ನು ಮೀರಿದರೆ ಒಬ್ಬರ ರೆಕಾರ್ಡಿಂಗನ್ನು ಇನ್ನೊಬ್ಬರು ಕೇಳುವುದೇ ಇಲ್ಲ.

ಕಾಲ ಮಳೆಗಾಲವೇ ಆಗಲಿ. ಆರಿದ್ರಾ ಮಳೆ ಹಿಡಿಯುವ ಜೂನ್ ಕೊನೆಯಲ್ಲಿ ಶುರು ಮಾಡಿದರೆ ಹದಿಮೂರು ವಾರ ಕಳೆಯುವಾಗ ಉತ್ತರಾ ಮಳೆ ನಡೆಯುತ್ತಿರುತ್ತದೆ. ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದರ ಹಿಂದೆಯೇ ರೋಬಸ್ಟಾ. ತೋಟದವರಿಗೆ ಆಗ ಪಿಯಾನೊ ಮುಂದೆ ಕೂರುವಷ್ಟು ಪುರುಸೊತ್ತು ಇರುವುದಿಲ್ಲ. ಮಾರ್ಚಿನಲ್ಲಿ ಮಕ್ಕಳ ಪರೀಕ್ಷೆ. ಗೌರಿ ಗಣೇಶ ಹಬ್ಬದ ವಾರವನ್ನು ಮೊದಲೇ ರಜೆ ಎಂದು ಬರೆದುಕೊಳ್ಳಿ; ಹದಿಮೂರರಲ್ಲಿ ಒಂದು ವಾರ ಅದಕ್ಕೇ ಮೀಸಲು. ಹಬ್ಬ ಬೇಗ ಬಂದರೂ ತಡವಾಗಿ ಬಂದರೂ ಮುಂದಿನ ವಾರಗಳನ್ನು ಅದಕ್ಕೆ ತಕ್ಕಂತೆ ಸರಿಸಿಕೊಳ್ಳಿ. ಯಾವುದೋ ಕಾರಣಕ್ಕೆ ಕೊನೆಯ ದಿನ ಅಕ್ಟೋಬರಿಗೆ ಹೋದರೆ, ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ಮಾತ್ರ ಹಾಸನದಲ್ಲಿ ಸೇರುವ ಏರ್ಪಾಡು ಬೇಡ. ಆಗ ಪೇಟೆಯಲ್ಲಿ ಕಾರು ನಿಲ್ಲಿಸಲೂ ಜಾಗ ಸಿಗುವುದಿಲ್ಲ.

ಕೃತಿಯ ಆಯ್ಕೆ

ಇಲ್ಲಿ ಉದಾಹರಣೆಗೆ ಶೋಪ್ಯಾನ್‌ನ 'ಫ್ಯಾಂಟಸಿ ಇಂಪ್ರಾಂಪ್ಟು' ಇಟ್ಟುಕೊಂಡಿದ್ದೇವೆ. ಓಪಸ್ (ಕೃತಿಸಂಖ್ಯೆ) 66, ಸಿ ಶಾರ್ಪ್ ಮೈನರ್ ಸ್ವರಶ್ರೇಣಿ. ಅವನು ಇದನ್ನು 1834ರಲ್ಲಿ ಬರೆದ. ಬದುಕಿದ್ದಾಗ ಅಚ್ಚು ಹಾಕಿಸಲಿಲ್ಲ. ಅವನು 1849ರಲ್ಲಿ ತೀರಿಕೊಂಡ ಮೇಲೆ ಗೆಳೆಯ ಜೂಲಿಯನ್ ಫೊಂಟಾನ 1855ರಲ್ಲಿ ಪ್ರಕಟಿಸಿದ. ಹವ್ಯಾಸಿಗಳ ಪಂಥಕ್ಕೆ ಇದು ಹೇಳಿಮಾಡಿಸಿದ ಕೃತಿ. ಕೇಳಿದಾಗ ಆಗದ ಕೆಲಸ ಅನ್ನಿಸುತ್ತದೆ, ಬಿಡಿಸಿ ನೋಡಿದರೆ ಕಲಿಯಬೇಕಾದ್ದು ಕೇಳಿದ್ದಕ್ಕಿಂತ ತುಂಬ ಕಡಿಮೆ.

ಆದರೆ ಇದು ಎಲ್ಲರಿಗೂ ಅಲ್ಲ. ಆರನೇ ಗ್ರೇಡಿನ ಆಸುಪಾಸಿನಲ್ಲಿ ಇರುವವರು ದೆಬ್ಯುಸಿಯ ಮೊದಲ 'ಅರಬೆಸ್ಕ್' ಆರಿಸಿಕೊಳ್ಳಲಿ. ಇ ಮೇಜರ್‌ನಲ್ಲಿದೆ, ಎರಡಕ್ಕೆ ಮೂರರ ಲಯ ಇದೆ, ಕೈಗೆ ಅಷ್ಟು ದಣಿವಾಗುವುದಿಲ್ಲ. ಯಾವ ಕೃತಿ ಆದರೂ ಒಂದು ವಾರದ ಪರೀಕ್ಷೆ ಮಾಡಿ ನೋಡಿ: ಅತಿ ಕಷ್ಟ ಅನ್ನಿಸುವ ಎಂಟು ಬಾರ್‌ಗಳನ್ನು (ನೊಟೇಶನ್‌ನಲ್ಲಿ ಎರಡು ಅಡ್ಡಗೆರೆಗಳ ನಡುವಿನ ಒಂದೊಂದು ತುಂಡು ಒಂದು ಬಾರ್) ತೆಗೆದುಕೊಂಡು ಏಳು ದಿನದಲ್ಲಿ ಎರಡೂ ಕೈಗಳನ್ನು ಬೇರೆ ಬೇರೆಯಾಗಿ, ಅರ್ಧ ವೇಗದಲ್ಲಿ, ನಿಲ್ಲದೆ ನುಡಿಸಲು ಆದರೆ ಆ ಕೃತಿ ನಿಮ್ಮ ಅಳವಿನಲ್ಲಿದೆ. ಆಗದಿದ್ದರೆ ಈ ವರ್ಷಕ್ಕೆ ಬೇಡ. ಗುಂಪಿನಲ್ಲಿ ಒಬ್ಬರಿಗೆ ಆಗಲಿಲ್ಲ ಎಂದರೆ ಎಲ್ಲರೂ ಕೃತಿ ಬದಲಿಸುವುದು ಒಳ್ಳೆಯದು. ಒಬ್ಬರು ಏಣಿಯ ಕೆಳಗೇ ಉಳಿದ ಪಂಥದಲ್ಲಿ ಸ್ನೇಹ ಉಳಿಯುವುದು ಕಷ್ಟ.

ಎಲ್ಲರ ಕೈಯಲ್ಲೂ ಒಂದೇ ಆವೃತ್ತಿಯ ನೊಟೇಶನ್ ಇರಬೇಕು. ಈ ಕೃತಿಗಂತೂ ಈ ಮಾತು ತುಂಬ ಮುಖ್ಯ. ಫೊಂಟಾನ ಅಚ್ಚು ಮಾಡಿದ ಪಾಠ ಒಂದು. ಶೋಪ್ಯಾನ್‌ನ ಕೈಬರಹದ ಪ್ರತಿಯನ್ನು ಇಟ್ಟುಕೊಂಡು ಪಿಯಾನೊ ವಾದಕ ಆರ್ಥರ್ ರೂಬಿನ್‌ಸ್ಟೈನ್ 1962ರಲ್ಲಿ ಹೊರತಂದ ಪಾಠ ಇನ್ನೊಂದು. ಎರಡರಲ್ಲೂ ಸ್ವರಗಳು ಅಲ್ಲಲ್ಲಿ ಬೇರೆ. ಇದನ್ನು ಮೊದಲೇ ತೀರ್ಮಾನಿಸದಿದ್ದರೆ ಆರನೇ ವಾರದಲ್ಲಿ "ನಿಮ್ಮದು ತಪ್ಪು ಸ್ವರ" "ಇಲ್ಲ, ನನ್ನ ಪುಸ್ತಕದಲ್ಲಿ ಹೀಗೇ ಇದೆ" ಎಂಬ ವಾದ ಶುರುವಾಗುತ್ತದೆ. ಫೊಂಟಾನನ ಹಳೆಯ ಮುದ್ರಣಗಳ ಹಕ್ಕಿನ ಅವಧಿ ಎಂದೋ ಮುಗಿದಿದೆ. ಐಎಂಎಸ್‌ಎಲ್‌ಪಿ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಒಬ್ಬರು ಇಳಿಸಿಕೊಂಡು ಉಳಿದವರಿಗೆ ಅದೇ ಕಡತ ಕಳಿಸಲಿ. ಜೆರಾಕ್ಸ್ ಅಂಗಡಿಯಲ್ಲಿ ಹಾಳೆಯ ಒಂದೇ ಬದಿಗೆ ಮುದ್ರಿಸಿ, ಮೂರು ಹಾಳೆ ಅಕ್ಕಪಕ್ಕ ಅಂಟಿಸಿ, ಸ್ಟ್ಯಾಂಡಿನ ಹಿಂದೆ ರಟ್ಟು ಕೊಟ್ಟು ನಿಲ್ಲಿಸಿ. ಮಳೆಗಾಲದ ಥಂಡಿಗೆ ಹಾಳೆ ಮೆತ್ತಗಾಗಿ ಬಾಗುವುದರಿಂದ ರಟ್ಟು ಬೇಕೇ ಬೇಕು.

ವಾದ್ಯ ಮತ್ತು ಕೂರುವ ಜಾಗ

61 ಕೀಗಳ ಕೀಬೋರ್ಡಿನಲ್ಲಿ ಈ ಕೃತಿ ಆಗುವುದಿಲ್ಲ, ಕೆಳಗಿನ ಸ್ವರಗಳೇ ಸಿಗುವುದಿಲ್ಲ. 88 ಕೀ ಇರುವ, ಕೀಗಳಿಗೆ ನಿಜವಾದ ಪಿಯಾನೊದ ಭಾರ ಕೊಟ್ಟಿರುವ ಡಿಜಿಟಲ್ ಪಿಯಾನೊ ಆದರೂ ಬೇಕು. ಹಗುರ ಕೀಗಳ ಮೇಲೆ ಬಂದ ವೇಗ ಭಾರದ ಕೀಗಳ ಮೇಲೆ ಉಳಿಯುವುದಿಲ್ಲ. ಅರ್ಧ ಪುಟಕ್ಕೇ ಕೈ ಸೋಲುತ್ತದೆ. ಕೊನೆಯ ದಿನ ಬೇರೆಯವರ ವಾದ್ಯದಲ್ಲಿ ನುಡಿಸಬೇಕಾಗುತ್ತದೆ ಎಂಬುದು ನೆನಪಿರಲಿ.

ಎಕ್ಸ್ ಆಕಾರದ ಮಡಿಸುವ ಸ್ಟ್ಯಾಂಡ್ ಈ ವೇಗಕ್ಕೆ ಅಲ್ಲಾಡುತ್ತದೆ. ನಾಲ್ಕು ಕಾಲಿನ ಗಟ್ಟಿ ಮೇಜೇ ವಾಸಿ, ಅದರ ಮೇಲಿಟ್ಟಾಗ ಬಿಳಿ ಕೀಗಳ ಮೇಲ್ಮೈ ನೆಲದಿಂದ 72-73 ಸೆಂಟಿಮೀಟರ್ ಎತ್ತರಕ್ಕೆ ಬಂದರೆ. ಸಾಮಾನ್ಯ ಊಟದ ಮೇಜು ಇದಕ್ಕಿಂತ ಎತ್ತರವಾಗುತ್ತದೆ, ಭುಜ ಮೇಲೇರುತ್ತದೆ. ಕೈಯುಳ್ಳ ಪ್ಲಾಸ್ಟಿಕ್ ಕುರ್ಚಿ ಬೇಡ. ಮೊಣಕೈ ಹೊರಗೆ ಚಲಿಸಲು ಅಡ್ಡ. ಕೂತಾಗ ಮೊಣಕೈ ಕೀಗಳ ಮಟ್ಟಕ್ಕೆ ಅಥವಾ ಒಂದು ಬೆರಳಷ್ಟು ಮೇಲೆ ಇರಬೇಕು. ಕೆಂಪು ಸಿಮೆಂಟಿನ ನೆಲವಿದ್ದರೆ ಪೆಡಲ್ ಮುಂದಕ್ಕೆ ಜಾರುತ್ತದೆ. ಅದರಡಿಗೆ ರಬ್ಬರ್ ಮ್ಯಾಟ್ ಹಾಕಿ, ಮ್ಯಾಟಿನ ಇನ್ನೊಂದು ತುದಿಯ ಮೇಲೆ ನಿಮ್ಮ ಹಿಮ್ಮಡಿ ಇರಲಿ.

ಕರೆಂಟು ಹೋಗುವ ತಿಂಗಳುಗಳಿವು. ಡಿಜಿಟಲ್ ಪಿಯಾನೊ ಎಳೆಯುವ ವಿದ್ಯುತ್ ತೀರಾ ಕಡಿಮೆ, ಮನೆಯ ಇನ್ವರ್ಟರ್‌ಗೆ ಅದು ಭಾರವೇ ಅಲ್ಲ. ಆ ಕೋಣೆಯ ಪ್ಲಗ್ಗಿಗೆ ಇನ್ವರ್ಟರ್ ಲೈನ್ ಎಳೆಸಿಕೊಳ್ಳಿ. ಗುಡುಗು ಮಿಂಚಿದ್ದಾಗ ಮಾತ್ರ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ.

ಹಳೆಯ ಅಪ್‌ರೈಟ್ ಪಿಯಾನೊ ಇರುವ ಮನೆಗಳೂ ಮಲೆನಾಡಿನಲ್ಲಿವೆ. ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬುತ್ತದೆ, ಶ್ರುತಿ ಏರುತ್ತದೆ, ಒತ್ತಿದ ಕೀ ಮೇಲೆ ಬರದೆ ಅಲ್ಲೇ ಉಳಿಯುತ್ತದೆ. ವಾದ್ಯವನ್ನು ಹೊರಗೋಡೆಗೆ ತಾಗಿಸಿ ಇಟ್ಟಿದ್ದರೆ ಒಂದು ಗೇಣು ಈಚೆ ಎಳೆದು ಗಾಳಿಯಾಡಲು ಬಿಡಿ. ಜುಲೈನಲ್ಲಿ ಶ್ರುತಿ ಮಾಡಿಸಿದರೆ ಹವೆ ಒಣಗಿದ ಮೇಲೆ ಮತ್ತೆ ಇಳಿಯುತ್ತದೆ. ಮಳೆ ಪೂರ್ತಿ ಬಿಟ್ಟ ಮೇಲೆ ಮಾಡಿಸುವುದು ಲೇಸು. ಹಾಗಾಗಿ ಈ ಪಂಥದ ಕೊನೆಯ ದಿನಕ್ಕೆ ಡಿಜಿಟಲ್ ವಾದ್ಯವೇ ನ್ಯಾಯ.

ಕೃತಿಯ ನಕ್ಷೆ

ಮೊದಲ ವಾರ ಕೀ ಮುಟ್ಟುವ ಮುಂಚೆ ಪೆನ್ಸಿಲ್ ಹಿಡಿದು ಎಲ್ಲ ಬಾರ್‌ಗಳಿಗೂ ಸಂಖ್ಯೆ ಹಾಕಿ. ಒಟ್ಟು 138 ಬರಬೇಕು. ಬರದಿದ್ದರೆ ಎಲ್ಲೋ ಎಣಿಕೆ ತಪ್ಪಿದೆ, ಮುಂದೆ ಪ್ರತಿ ವಾರದ ಮಾತುಕತೆಯೂ ತಪ್ಪುತ್ತದೆ.

1ರಿಂದ 4 ಪೀಠಿಕೆ. 5ರಿಂದ 40 ವೇಗದ ಮೊದಲ ಭಾಗ. 41, 42ರಲ್ಲಿ ನಡೆ ನಿಧಾನಕ್ಕೆ ಇಳಿಯುತ್ತದೆ. 43ರಿಂದ 82 ಹಾಡಿನಂಥ ನಡುಭಾಗ, ಡಿ ಫ್ಲ್ಯಾಟ್ ಮೇಜರ್‌ನಲ್ಲಿ. 83ರಲ್ಲಿ ಮೊದಲ ಭಾಗ ಮರಳುತ್ತದೆ. 119ರಿಂದ ಮುಕ್ತಾಯ. ಮರಳಿ ಬಂದದ್ದು ಕಲಿತದ್ದೇ. ಮೊದಲ ಭಾಗದೊಳಗೂ 25ರಿಂದ ಆರಂಭದ ರಾಗವೇ ಮತ್ತೆ ಬರುತ್ತದೆ. ನಡುಭಾಗದಲ್ಲಿ ಒಂದೇ ಹಾಡು ಹಲವು ಸಲ ಸುತ್ತುತ್ತದೆ. ಒಂದೇ ಥರ ಇರುವ ಬಾರ್‌ಗಳಿಗೆ ಒಂದೇ ಬಣ್ಣ ಬಳಿದು ನೋಡಿ, ನಿಜವಾಗಿ ಹೊಸದು ಎಷ್ಟು ಕಡಿಮೆ ಎಂಬುದು ಕಣ್ಣಿಗೇ ಕಾಣುತ್ತದೆ. ಅದೇ ಥರ ಕಂಡರೂ ಒಂದೆರಡು ಸ್ವರ ಬೇರೆಯಾಗುವ ಜಾಗಗಳಿಗೆ ಕೆಂಪು ಸುತ್ತು ಹಾಕಿ. ಕೊನೆಯ ದಿನ ಜನ ದಾರಿ ತಪ್ಪುವುದು ಅಲ್ಲೇ.

ಓದುವಾಗ ಎಡವುವುದು ಐದನೇ ಬಾರ್‌ನಲ್ಲೇ. ಎಫ್ ಡಬಲ್ ಶಾರ್ಪ್ ಎಂದು ಬರೆದ ಕಡೆ ಬೆರಳು ಒತ್ತಬೇಕಾದ್ದು ಜಿ ಬಿಳಿ ಕೀಯನ್ನು. ಬಿ ಶಾರ್ಪ್ ಎಂದರೆ ಸಿ ಬಿಳಿ ಕೀ. ಇವೆರಡನ್ನು ತಪ್ಪಾಗಿ ಕಲಿತವರು ತಿಂಗಳ ಮೇಲೆ ತಿದ್ದಿಕೊಳ್ಳಲು ಪಡುವ ಪಾಡು ದೊಡ್ಡದು. ಅದಕ್ಕೇ ಮೊದಲ ಭಾನುವಾರದ ರೆಕಾರ್ಡಿಂಗ್ ಬರೀ ಬಲಗೈಯದು, 5ರಿಂದ 8, ಎಷ್ಟು ನಿಧಾನವಾದರೂ ಸರಿ. ಸ್ವರಗಳು ಸರಿಯೇ ಎಂದು ಉಳಿದವರು ಪುಸ್ತಕ ಇಟ್ಟುಕೊಂಡು ನೋಡಲಿ.

ನಾಲ್ಕಕ್ಕೆ ಮೂರು

ಈ ಕೃತಿಯ ಗಂಟು ಇದೇ. ಪ್ರತಿ ಬೀಟಿಗೆ ಬಲಗೈ ನಾಲ್ಕು ಸ್ವರ, ಎಡಗೈ ಮೂರು. ಪಾಶ್ಚಾತ್ಯ ಪುಸ್ತಕಗಳು ಇದಕ್ಕೆ ಪುಟಗಟ್ಟಲೆ ವಿವರಣೆ ಕೊಡುತ್ತವೆ. ಮೃದಂಗ ಪಾಠ ಕೇಳಿಸಿಕೊಂಡು ಬೆಳೆದ ನಮ್ಮ ಕಿವಿಗೆ ಅಷ್ಟು ಬೇಡ. ನಾಲ್ಕರ ಚತುರಶ್ರವೂ ಮೂರರ ತಿಶ್ರವೂ ಒಂದೇ ಲಯದ ಮೇಲೆ ಕೂರುವುದು ನಮಗೆ ಗೊತ್ತಿರುವ ಸಂಗತಿ.

ಮೊದಲು ವಾದ್ಯ ಬಿಟ್ಟು ಮಾಡಿ. ಮೆಟ್ರೊನೋಮ್ (ಟಿಕ್ ಟಿಕ್ ಎಂದು ಲಯ ಹಿಡಿದುಕೊಡುವ ಸಾಧನ) ನಿಮಿಷಕ್ಕೆ 50 ಬೀಟಿಗೆ ಇಟ್ಟು, ಪ್ರತಿ ಬೀಟಿಗೆ ಬಾಯಲ್ಲಿ "ತಕಿಟ" ಹೇಳುತ್ತ ಎಡಗೈಯಲ್ಲಿ ತೊಡೆ ತಟ್ಟಿ, ನಾಲ್ಕು ಬೀಟು. ಮುಂದಿನ ನಾಲ್ಕು ಬೀಟಿಗೆ "ತಕಧಿಮಿ", ಬಲಗೈಯಲ್ಲಿ. ಎರಡನ್ನೂ ಅದಲುಬದಲು ಮಾಡುತ್ತ ಬೀಟು ಅಲ್ಲಾಡದೆ ನಿಲ್ಲುವವರೆಗೆ ಮುಂದುವರಿಯಿರಿ. ಬಹಳ ಜನಕ್ಕೆ "ತಕಿಟ"ದಿಂದ "ತಕಧಿಮಿ"ಗೆ ಹೋಗುವಾಗ ಬೀಟೇ ನಿಧಾನವಾಗುತ್ತದೆ. ಅದು ಕಾಣಿಸಿದರೆ ಕೈಗಳನ್ನು ಸೇರಿಸುವ ಹೊತ್ತು ಇನ್ನೂ ಬಂದಿಲ್ಲ ಎಂದರ್ಥ.

ಆಮೇಲೆ ಒಂದು ಹಾಳೆಯ ಮೇಲೆ ಹನ್ನೆರಡು ಚೌಕ ಬರೆಯಿರಿ. ಬಲಗೈ 1, 4, 7, 10ರಲ್ಲಿ. ಎಡಗೈ 1, 5, 9ರಲ್ಲಿ. ಸಾಲಾಗಿ ಓದಿದರೆ: ಎರಡೂ, ಬಲ, ಎಡ, ಬಲ, ಎಡ, ಬಲ. ನಡುವಿನ ಅಂತರಗಳು ಮೂರು, ಒಂದು, ಎರಡು, ಎರಡು, ಒಂದು, ಮೂರು. ಇದನ್ನು ಮೇಜಿನ ಮೇಲೆ ತಟ್ಟಿ ಕಲಿಯಿರಿ. ತಪ್ಪುವವರು ಹೆಚ್ಚಾಗಿ ಮಾಡುವುದು ಎಡಗೈಯ ಎರಡನೇ ಸ್ವರವನ್ನು ಬಲಗೈಯ ಎರಡನೇ ಸ್ವರದ ಜೊತೆಗೇ ಹಾಕಿಬಿಡುವುದು. ಆಗ ಎಡಗೈ ಕುಂಟುತ್ತದೆ, ನಡೆ ಗಡಬಡಿಸುತ್ತದೆ.

ಲೆಕ್ಕ ಇಷ್ಟಕ್ಕೇ ಸಾಕು. 60ಕ್ಕಿಂತ ಮೇಲಿನ ವೇಗದಲ್ಲಿ ಹನ್ನೆರಡನ್ನು ಎಣಿಸಲು ಯಾರಿಂದಲೂ ಆಗುವುದಿಲ್ಲ, ಎಣಿಸಲೂ ಬಾರದು. ಅಲ್ಲಿಂದ ಮುಂದೆ ಒಂದೇ ಗುರಿ: ಎರಡೂ ಕೈ ಬೀಟಿನ ಮೇಲೆ ಒಟ್ಟಿಗೆ ಇಳಿಯಬೇಕು, ನಡುವೆ ಪ್ರತಿ ಕೈ ತನ್ನ ಪಾಡಿಗೆ ಸಮವಾಗಿ ಹೋಗಬೇಕು. ಇದಕ್ಕಾಗಿ ಎಡಗೈ ತಾನೊಂದೇ, ಯೋಚನೆ ಇಲ್ಲದೆ ನಡೆಯುವಷ್ಟು ಪಳಗಿರಬೇಕು. ಎಡಗೈ ಒಂದನ್ನೇ ನುಡಿಸುತ್ತ ಮನೆಯವರ ಜೊತೆ ಎರಡು ಮಾತಾಡಿ ನೋಡಿ. ಲಯ ತಪ್ಪದಿದ್ದರೆ ಬಲಗೈ ಸೇರಿಸಬಹುದು.

ಇನ್ನೊಂದು ತೊಡಕು. ಐದನೇ ಬಾರ್‌ನಲ್ಲಿ ಬಲಗೈಯ ಮೊದಲ ಸ್ವರದ ಜಾಗದಲ್ಲಿ ವಿರಾಮ ಇದೆ. ಅಂದರೆ ಎರಡೂ ಕೈ ಸೇರಬೇಕಾದ ಕ್ಷಣದಲ್ಲಿ ಎಡಗೈ ಮಾತ್ರ ಕೇಳಿಸುತ್ತದೆ. ಅನಾಗತ ಗ್ರಹದಲ್ಲಿ, ಅಂದರೆ ತಾಳ ಶುರುವಾದ ಮೇಲೆ, ಪಲ್ಲವಿ ಎತ್ತಿಕೊಂಡವರಿಗೆ ಇದು ಸಲೀಸು. ಉಳಿದವರು ಆ ವಿರಾಮದಲ್ಲಿ "ತ" ಎಂದು ಬಾಯಲ್ಲಿ ಹೇಳಿ, "ಕಧಿಮಿ"ಯನ್ನು ಕೈಯಲ್ಲಿ ನುಡಿಸಿ.

ವಾರಗಳ ಹಂಚಿಕೆ

ಸುಲಭದ ಪುಟದಿಂದ ಶುರುಮಾಡಬೇಡಿ. ಎರಡು, ಮೂರನೇ ವಾರಗಳು 13ರಿಂದ 24ರ ಬಾರ್‌ಗಳಿಗೆ ಮತ್ತು 119ರ ನಂತರದ ಮುಕ್ತಾಯಕ್ಕೆ, ಕೈಗಳು ಬೇರೆ ಬೇರೆ. ಮುಕ್ತಾಯವನ್ನು ಕೊನೆಗೆ ಬಿಟ್ಟವರು ಅಂತಿಮ ದಿನ ಕೊನೆಯ ಪುಟದಲ್ಲಿ ಕುಸಿಯುತ್ತಾರೆ. ದಣಿದ ಕೈಗೆ ಅತಿ ಕಡಿಮೆ ಅಭ್ಯಾಸವಾದ ಪುಟ ಸಿಕ್ಕರೆ ಇನ್ನೇನಾಗುತ್ತದೆ? ಅಲ್ಲಿಯೇ ಕೊನೆಕೊನೆಗೆ ನಡುಭಾಗದ ಹಾಡು ಎಡಗೈಯಲ್ಲಿ ಕೇಳಿಸಬೇಕು, ಬಲಗೈ ಮೇಲೆ ಮೆಲ್ಲಗೆ ಸುಳಿಯುತ್ತಿರಬೇಕು. 13ರಿಂದ 24ರಲ್ಲಿ ಬಲಗೈಯ ಕೆಲವು ಸ್ವರಗಳ ಮೇಲೆ ಒತ್ತಿನ ಗುರುತುಗಳಿವೆ. ಅವನ್ನು ಮಾತ್ರ ಬಿಡಿಬಿಡಿಯಾಗಿ ನುಡಿಸಿ ಕೇಳಿ, ಅಲ್ಲಿನ ರಾಗ ಅದೇ. ನಂತರ ಉಳಿದ ಸ್ವರಗಳನ್ನು ಅದರ ಅರ್ಧದಷ್ಟು ದನಿಯಲ್ಲಿ ತುಂಬಿ.

ನಾಲ್ಕು, ಐದನೇ ವಾರ 5ರಿಂದ 12ರ ಎರಡೂ ಕೈ, 40ರಿಂದ 56ರ ವೇಗದಲ್ಲಿ. ಆರನೇ ವಾರ ನಡುಭಾಗ ಪೂರ್ತಿ. ಇದು ಬೆರಳಿಗೆ ಸುಲಭ, ಕಿವಿಗೆ ಕಷ್ಟ. ಪೆಡಲನ್ನು ಪ್ರತಿ ಸ್ವರಮೇಳ ಬದಲಾದಾಗ ಬದಲಿಸದಿದ್ದರೆ ಹಾಡು ಕಲಸಿಹೋಗುತ್ತದೆ. ಏಳು, ಎಂಟರಲ್ಲಿ ಮೊದಲ ಭಾಗವನ್ನು ಜೋಡಿಸಿ 80ಕ್ಕೆ ತನ್ನಿ. ಒಂಬತ್ತನೇ ವಾರದ ಕೊನೆಗೆ ಪ್ರತಿಯೊಬ್ಬರೂ ತಮ್ಮ ಅಂತಿಮ ವೇಗವನ್ನು ಬರೆದು ಕಳಿಸಬೇಕು. ಹತ್ತು, ಹನ್ನೊಂದರಲ್ಲಿ ದಿನಕ್ಕೊಮ್ಮೆ ಮಾತ್ರ ಪೂರ್ತಿ ನುಡಿಸುವುದು, ಉಳಿದ ಹೊತ್ತು ಬಿಡಿ ಬಾರ್‌ಗಳಿಗೆ. ಹನ್ನೆರಡನೆಯದು ಹೊಸದೇನೂ ಕಲಿಯದ ವಾರ. ಕೊನೆಯದು ಹಬ್ಬಕ್ಕೆ ಹೋದ ವಾರದ ಬದಲಿಗೆ.

ವೇಗ ಏರಿಸುವ ಕ್ರಮ ಹೀಗಿರಲಿ: ಒಂದೇ ತುಂಡನ್ನು ಸತತ ಮೂರು ಸಲ ತಪ್ಪಿಲ್ಲದೆ ನುಡಿಸಿದರೆ 4 ಏರಿಸಿ. ಒಂದೇ ಜಾಗದಲ್ಲಿ ಎರಡು ಸಲ ತಪ್ಪಿದರೆ 8 ಇಳಿಸಿ. ಏರಿಸಿದ್ದಕ್ಕಿಂತ ಹೆಚ್ಚು ಇಳಿಸುವುದು ಬೇಕೆಂದೇ ಇಟ್ಟದ್ದು. ತಪ್ಪಿದ ವೇಗದಲ್ಲೇ ಮತ್ತೆ ಮತ್ತೆ ಹೊಡೆದಾಡಿದರೆ ತಪ್ಪೇ ಗಟ್ಟಿಯಾಗುತ್ತದೆ.

ಬಲಗೈ ಒಡೆಯುವುದು ಸಾಮಾನ್ಯವಾಗಿ ನಾಲ್ಕರ ಗುಂಪಿನ ಒಳಗಲ್ಲ, ಎರಡು ಗುಂಪು ಕೂಡುವಲ್ಲಿ. ಆದ್ದರಿಂದ ನಾಲ್ಕು ಸ್ವರ ಮತ್ತು ಮುಂದಿನ ಗುಂಪಿನ ಮೊದಲ ಸ್ವರ, ಒಟ್ಟು ಐದು, ಇಷ್ಟನ್ನು ಚುರುಕಾಗಿ ನುಡಿಸಿ ಕೊನೆಯ ಸ್ವರದ ಮೇಲೆ ನಿಂತುಬಿಡಿ. ಕೈ ಸಡಿಲ ಇದೆಯೇ ನೋಡಿಕೊಂಡು ಅಲ್ಲಿಂದ ಮುಂದಿನ ಐದು. ಮರುದಿನ ಅದೇ ಸಾಲನ್ನು ಉದ್ದ ಗಿಡ್ಡ, ಉದ್ದ ಗಿಡ್ಡ ಎಂದು. ಆಮೇಲೆ ತಿರುಗಿಸಿ ಗಿಡ್ಡ ಉದ್ದ ಎಂದು. ಕಪ್ಪು ಕೀಗಳೇ ಹೆಚ್ಚಿರುವುದರಿಂದ ಕೈಯನ್ನು ಕೀಗಳ ಒಳಭಾಗಕ್ಕೆ ಸರಿಸಿ ಇಟ್ಟುಕೊಳ್ಳಿ. ಬಿಳಿ ಕೀಗಳ ಅಂಚಿನಲ್ಲೇ ಕೈ ಇಟ್ಟರೆ ಪ್ರತಿ ಕಪ್ಪು ಕೀಗೂ ಮುಂಗೈ ಒಳಕ್ಕೆ ನುಗ್ಗಬೇಕಾಗುತ್ತದೆ, ಓಟ ಸಮವಾಗುವುದಿಲ್ಲ.

ಎಡಗೈಯ ಹರವು ದೊಡ್ಡದು. ಅಂಗೈ ಅಗಲಿಸಿ ಹಿಡಿದುಕೊಂಡೇ ನುಡಿಸಿದರೆ ಎರಡೇ ಸಾಲಿಗೆ ಕೈ ಕಟ್ಟುತ್ತದೆ. ಕಿರುಬೆರಳು ಸ್ವರ ಬಿಟ್ಟ ಕೂಡಲೇ ಮಣಿಕಟ್ಟು ಹೆಬ್ಬೆರಳ ಕಡೆ ಸಾಗಲಿ, ಅಂಗೈ ಮುದುಡಿಕೊಳ್ಳಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ಏಳಿ. ದಿನಕ್ಕೆ ಇಂಥ ಮೂರು ಕೂರುವಿಕೆ ಸಾಕು. ಮುಂಗೈಯಲ್ಲಿ ದಣಿವು ಬಂದರೆ ವಿಶ್ರಾಂತಿ. ನೋವು, ಜುಮ್ಮೆನ್ನುವಿಕೆ ಬಂದರೆ ಆ ದಿನಕ್ಕೆ ಮುಗಿಯಿತು, ಮರುದಿನವೂ ಇದ್ದರೆ ವೈದ್ಯರಿಗೆ ತೋರಿಸಿ. ನೋವೆಂದು ಹೇಳಿದವರಿಗೆ ಆ ವಾರದ ರೆಕಾರ್ಡಿಂಗ್ ಕಳಿಸಿ ಎನ್ನಕೂಡದು, ಅಂಕವನ್ನೂ ಕಳೆಯಕೂಡದು. ಇದನ್ನು ನಿಯಮದಲ್ಲೇ ಬರೆದಿಡಿ, ಇಲ್ಲದಿದ್ದರೆ ಮರ್ಯಾದೆಗೆ ಅಂಜಿ ನೋವು ಮುಚ್ಚಿಟ್ಟು ನುಡಿಸುವವರಿದ್ದಾರೆ.

ಭಾನುವಾರದ ರೆಕಾರ್ಡಿಂಗ್

ಎಂಟು ಬಾರ್ ಸಾಕು. ಮೂರು ಸಲ ನುಡಿಸಿ, ಮೂರನೆಯದನ್ನೇ ಕಳಿಸಿ, ಅದು ಹೇಗೇ ಬಂದಿರಲಿ. ಚೆನ್ನಾಗಿ ಬಂದದ್ದನ್ನು ಆರಿಸಿ ಕಳಿಸಲು ಬಿಟ್ಟರೆ ಜನ ಮೂವತ್ತು ಸಲ ನುಡಿಸಿ ಒಂದನ್ನು ಹೆಕ್ಕುತ್ತಾರೆ. ಅದರಿಂದ ಕೊನೆಯ ದಿನದ ಒಂದೇ ಅವಕಾಶಕ್ಕೆ ಮನಸ್ಸು ತಯಾರಾಗುವುದಿಲ್ಲ.

ಫೋನನ್ನು ಪಕ್ಕದಿಂದ, ಕೀಗಳ ಮಟ್ಟದಲ್ಲಿ, ಒಂದು ಮೀಟರ್ ದೂರದಲ್ಲಿ ನಿಲ್ಲಿಸಿ. ಮಣಿಕಟ್ಟಿನ ಏರಿಳಿತ ಕಾಣಬೇಕು, ಮುಖ ಬೇಡ. ಶೀಟಿನ ಮಾಡಿನ ಮೇಲೆ ಮಳೆ ಬೀಳುವಾಗ ಫೋನಿನ ಮೈಕಿಗೆ ಬೇರೇನೂ ಕೇಳಿಸುವುದಿಲ್ಲ. ಪಿಯಾನೊದಲ್ಲೇ ರೆಕಾರ್ಡ್ ಬಟನ್ ಇದ್ದರೆ ಅದನ್ನು ಬಳಸಿ, ಇಲ್ಲವೇ ಹೆಡ್‌ಫೋನ್ ಕಿಂಡಿಯಿಂದ ತಂತಿ ಎಳೆದು ತಕ್ಕ ಅಡಾಪ್ಟರ್ ಮೂಲಕ ಫೋನಿಗೆ ಕೊಡಿ.

ಕೇಳಿದವರು ಹೇಳುವ ಮಾತಿಗೂ ಕಟ್ಟಳೆ ಇರಲಿ. "ಸೂಪರ್" ಎಂದರೆ ಏನೂ ಹೇಳಿದಂತಾಗಲಿಲ್ಲ. ಬಾರ್ ಸಂಖ್ಯೆ, ಏನಾಯಿತು, ಯಾವ ಕೈ: ಇಷ್ಟು ಬರಬೇಕು. "ಮೇಷ್ಟ್ರೇ, 17ರಲ್ಲಿ ಒತ್ತಿನ ಸ್ವರ ಕೇಳಿಸ್ತಿಲ್ಲ, ಎಡಗೈ ಜೋರಾಯ್ತು ಅನ್ಸುತ್ತೆ." "ಹೌದಮ್ಮ, ನಾಳೆ ಎಡಗೈ ಮೆಲ್ಲಗೆ ಮಾಡಿ ನೋಡ್ತೀನಿ. ನಿಂದು ಏಳನೇ ಬಾರ್ ತುದೀಲಿ ಸ್ವಲ್ಪ ಓಡ್ತು." ನಿವೃತ್ತ ಮೇಷ್ಟ್ರೂ ಕಾಲೇಜು ಹುಡುಗಿಯೂ ಒಂದೇ ಗುಂಪಿನಲ್ಲಿದ್ದಾಗ ದೊಡ್ಡವರ ತಪ್ಪು ಹೇಳಲು ಚಿಕ್ಕವರು ಹಿಂಜರಿಯುತ್ತಾರೆ. ಸಂಖ್ಯೆ ಹಿಡಿದು ಮಾತಾಡುವ ರೂಢಿ ಬಿದ್ದರೆ ಆ ಅಳುಕು ಹೋಗುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಪ್ರತಿಯೊಬ್ಬರ ಬಗ್ಗೆ ಎರಡೇ ಮಾತು. ಹತ್ತು ತಪ್ಪು ಪಟ್ಟಿ ಮಾಡಿದರೆ ವಾರದಲ್ಲಿ ಒಂದನ್ನೂ ತಿದ್ದಿಕೊಳ್ಳಲಾಗುವುದಿಲ್ಲ.

ಅಂಕಗಳ ಲೆಕ್ಕ

ಒಂಬತ್ತನೇ ವಾರದಲ್ಲಿ ಹೇಳುವ ವೇಗ 80ಕ್ಕಿಂತ ಕಡಿಮೆ, 132ಕ್ಕಿಂತ ಹೆಚ್ಚು ಇರಬಾರದು. ಧ್ವನಿಮುದ್ರಿಕೆಗಳಲ್ಲಿ ಕೇಳುವ ವೇಗ ಇದಕ್ಕಿಂತ ಮೇಲಿರುತ್ತದೆ, ಅದನ್ನು ಮರೆತುಬಿಡಿ. 96ರಲ್ಲಿ ಸಮವಾಗಿ ನುಡಿಸಿದರೂ ಈ ಕೃತಿಯ ಆವೇಗ ಪೂರ್ತಿ ಕೇಳಿಸುತ್ತದೆ.

ಎಲ್ಲರಿಗೂ 100ರಿಂದ ಆರಂಭ. ನಿಂತರೆ 3 ಕಳೆಯಿರಿ, ಹಿಂದಕ್ಕೆ ಹೋಗಿ ಮತ್ತೆ ನುಡಿಸಿದರೆ 5. ತಪ್ಪು ಸ್ವರಕ್ಕೆ 1, ಅದೂ ಒಂದು ಬಾರ್‌ಗೆ ಒಂದೇ ಸಲ. ತಪ್ಪು ಸ್ವರಕ್ಕಿಂತ ನಿಲ್ಲುವುದಕ್ಕೆ ಹೆಚ್ಚು ದಂಡ ಇಟ್ಟಿರುವುದು ನುಡಿಸುವವರು ತಪ್ಪಿದರೂ ಮುಂದೆ ಸಾಗುವುದನ್ನು ಕಲಿಯಲೆಂದು. ಅಭ್ಯಾಸದಲ್ಲಿ ತಿದ್ದಿಕೊಳ್ಳುವುದು ಬೇರೆ, ನುಡಿಸುವಾಗ ತಿದ್ದಿಕೊಳ್ಳುವುದು ಬೇರೆ; ಹವ್ಯಾಸಿಗಳು ಎರಡನ್ನೂ ಬೆರೆಸಿಬಿಡುತ್ತಾರೆ.

ವೇಗವನ್ನು ಸ್ಟಾಪ್‌ವಾಚಿನಲ್ಲಿ ಅಳೆಯಬಹುದು. 5ರಿಂದ 12 ಅಂದರೆ ಎಂಟು ಬಾರ್, ಬಾರ್‌ಗೆ ನಾಲ್ಕರಂತೆ 32 ಬೀಟು. 1920ನ್ನು ಹೇಳಿದ ವೇಗದಿಂದ ಭಾಗಿಸಿದರೆ ಎಷ್ಟು ಸೆಕೆಂಡು ಆಗಬೇಕೆಂದು ಸಿಗುತ್ತದೆ: 80ಕ್ಕೆ 24, 96ಕ್ಕೆ 20, 120ಕ್ಕೆ 16. ಅದೇ ಸಂಗೀತ 83ರಿಂದ 90ರಲ್ಲಿ ಮರಳುತ್ತದಲ್ಲ, ಅದನ್ನೂ ಅಳೆಯಿರಿ. ಹೇಳಿದ್ದಕ್ಕೂ ನುಡಿಸಿದ್ದಕ್ಕೂ ಇರುವ ವ್ಯತ್ಯಾಸಕ್ಕೆ ಸೆಕೆಂಡಿಗೆ 2 ಅಂಕ ಕಳೆಯಿರಿ, ಎರಡೂ ಕಡೆ. ಮೊದಲ ಸಲ ಗಾಬರಿಯಲ್ಲಿ ಬೇಗ, ಎರಡನೇ ಸಲ ದಣಿದು ನಿಧಾನ, ಇದು ಸಾಮಾನ್ಯವಾಗಿ ಕಾಣುವ ನಡೆ. ಅಂಕ ಸಮವಾದರೆ ಮಾತ್ರ ಹೆಚ್ಚು ವೇಗ ಹೇಳಿದವರು ಗೆದ್ದರು.

ಕೊನೆಯ ದಿನ

ಎರಡೂ ಜಿಲ್ಲೆಯವರಿದ್ದರೆ ಬೇಲೂರು ಅನುಕೂಲ. ಹಾಸನದಿಂದ ಸುಮಾರು 40 ಕಿಲೋಮೀಟರ್, ಚಿಕ್ಕಮಗಳೂರಿನಿಂದ ಸುಮಾರು 25. ಡಿಜಿಟಲ್ ಪಿಯಾನೊವನ್ನು ಕಾರಿನ ಹಿಂದಿನ ಸೀಟಿನ ಮೇಲೆ ಉದ್ದಕ್ಕೆ, ಕೀಗಳು ಮೇಲ್ಮುಖವಾಗಿ ಇಡಿ, ಟಾರ್ಪಾಲಿನ್ ಸುತ್ತಿರಿ. ಅಡಾಪ್ಟರ್, ಪೆಡಲ್, ಎಕ್ಸ್‌ಟೆನ್ಷನ್ ಬಾಕ್ಸ್ ಮೂರನ್ನೂ ಒಂದೇ ಚೀಲದಲ್ಲಿ ಹಾಕಿ. ಮರೆತು ಬರುವುದು ಸಾಮಾನ್ಯವಾಗಿ ಪೆಡಲ್.

ಬೆಳಿಗ್ಗೆ ಪ್ರತಿಯೊಬ್ಬರಿಗೂ ಆ ವಾದ್ಯದ ಮೇಲೆ ಕೈ ಪಳಗಿಸಲು ಇಪ್ಪತ್ತು ನಿಮಿಷ, ಬೇರೆಯವರು ಕೇಳದ ಹಾಗೆ. ಈ ಹೊತ್ತಿನಲ್ಲಿ ಕೃತಿಯನ್ನು ಪೂರ್ತಿ ನುಡಿಸಬೇಡಿ. ಆಸನದ ಎತ್ತರ, ಪೆಡಲಿನ ಆಳ, ವಾದ್ಯದ ದನಿ, ಮೂರನ್ನು ಸರಿಮಾಡಿಕೊಂಡು ಮುಕ್ತಾಯವನ್ನು ಒಮ್ಮೆ ನಿಧಾನವಾಗಿ ನುಡಿಸಿದರೆ ಸಾಕು. ಸರದಿ ಚೀಟಿ ಎತ್ತಿ. ಮಳೆ ಥಂಡಿಗೆ ಬೆರಳು ಮರಗಟ್ಟಿದ್ದರೆ ಬಿಸಿನೀರಿನಲ್ಲಿ ಎರಡು ನಿಮಿಷ ಅದ್ದಿ, ಚೆನ್ನಾಗಿ ಒರೆಸಿಕೊಂಡು ಕೂರಿ.

ತೀರ್ಪು ಹೇಳಲು ಪಿಯಾನೊ ಬಲ್ಲವರೇ ಬೇಕೆಂದಿಲ್ಲ. ತಪ್ಪು ಸ್ವರ ಮತ್ತು ತಡೆಗಳನ್ನು ನುಡಿಸದೆ ಕೂತವರು ಪುಸ್ತಕ ಹಿಡಿದು ಗುರುತು ಹಾಕಲಿ. ಲಯಕ್ಕೆ ಊರಿನ ಮೃದಂಗದವರೊಬ್ಬರನ್ನು ಕರೆಯಿರಿ. ನಾಲ್ಕು ಮೂರರ ನಡೆ ಎಲ್ಲಿ ಕುಂಟಿತು ಎಂದು ಅವರಷ್ಟು ಚೆನ್ನಾಗಿ ಹಿಡಿಯುವವರು ಇನ್ನಾರೂ ಸಿಗುವುದಿಲ್ಲ, ಸ್ಟಾಫ್ ನೊಟೇಶನ್ ಅವರಿಗೆ ಬರದಿದ್ದರೂ. ಕುಂಟಿದ ಕಡೆಗಳಿಗೆ ಒಂದೊಂದು ಅಂಕ ಅವರೇ ಕಳೆಯಲಿ. ಹಾಗೆ ಕರೆದವರಿಗೆ ಎಲೆ ಅಡಿಕೆ, ದಕ್ಷಿಣೆ ಕೊಟ್ಟು ಕಳಿಸಬೇಕು.

ದುಡ್ಡಿನ ಪಂಥ ಬೇಡ. ಸೋತವರು ಆ ದಿನದ ಊಟ ಹಾಕಿಸುವುದು, ಗೆದ್ದವರು ಮುಂದಿನ ಕೃತಿ ಆರಿಸುವುದು, ಇದೇ ಸರಿಯಾದ ಪಂಥ. ಆರಿಸುವವರಿಗೆ ಒಂದು ಕಟ್ಟು ಇರಲಿ: ಮುಂದಿನದು ಬೇರೆ ಥರದ ಕಷ್ಟ ಇರುವ ಕೃತಿಯಾಗಬೇಕು. ಇದರ ಬೆನ್ನಿಗೇ ಬೀಥೋವನ್‌ನ ಓಪಸ್ 27ರ ಎರಡನೇ ಸೊನಾಟದ ಮೂರನೇ ಭಾಗ ಹಿಡಿದರೆ ಮತ್ತೆ ಅದೇ ಸಿ ಶಾರ್ಪ್ ಮೈನರ್, ಮತ್ತೆ ಅದೇ ಬಿರುಸು, ದಣಿದ ಕೈಗೆ ಬಿಡುವೇ ಇಲ್ಲ. ಬಾಖ್‌ನ ಎರಡು ಧ್ವನಿಯ ಹದಿನೈದು ಇನ್ವೆನ್ಷನ್‌ಗಳಲ್ಲಿ ಎರಡನ್ನು ಆರಿಸಿಕೊಂಡರೆ ಪೆಡಲ್ ಇಲ್ಲದೆ ಎರಡೂ ಕೈ ಸಮಾನವಾಗಿ ಮಾತಾಡುವುದನ್ನು ಕಲಿಯಬಹುದು. ಒಂದೊಂದೂ ಎರಡೇ ಪುಟದಷ್ಟು, ಕೊಯ್ಲಿನ ತಿಂಗಳುಗಳಲ್ಲೂ ರಾತ್ರಿ ಅರ್ಧ ಗಂಟೆಯಲ್ಲಿ ಸಾಗುತ್ತದೆ.